ಭಯ ಕಲಿಯುವ ಪ್ರೋಗ್ರಾಂ ಬರೆದೆ. ಅದು ಮರೆಯುತ್ತದೆ, ಅಜ್ಜಿ ಯಾಕೆ ಮರೆಯುವುದಿಲ್ಲ?

ಸುಂಟಿಕೊಪ್ಪ_ಪೈಥಾನ್

ಎಲ್ಲರಿಗೂ ನಮಸ್ಕಾರ. ಕೊನೇ ವರ್ಷದ ಪ್ರಾಜೆಕ್ಟ್‌ಗೆ ಮೆದುಳು ಭಯವನ್ನು ಹೇಗೆ ಕಲಿಯುತ್ತದೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಲು ಹೊರಟಿದ್ದೇನೆ. ಮನಶ್ಶಾಸ್ತ್ರಜ್ಞರಾದ ರೆಸ್ಕೋರ್ಲಾ ಮತ್ತು ವ್ಯಾಗ್ನರ್ 1972ರಲ್ಲಿ ಕೊಟ್ಟ ಸೂತ್ರ ಹಿಡಿದುಕೊಂಡೆ. ಸೂತ್ರ ಸುಲಭ. ಪ್ರಾಣಿ ಏನು ನಿರೀಕ್ಷೆ ಮಾಡಿತ್ತು, ನಿಜವಾಗಿ ಏನಾಯಿತು, ಇವೆರಡರ ವ್ಯತ್ಯಾಸ ತೆಗೆಯುವುದು. ಅದರಲ್ಲಿ ಒಂದು ಪಾಲನ್ನು ಹಳೇ ಅಂಕಿಗೆ ಸೇರಿಸುವುದು.

ಇಲಿಗೆ ಒಂದು ಸದ್ದು ಕೇಳಿಸಿ, ಕೂಡಲೇ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ನಾನು ಪಾಲನ್ನು 0.3 ಅಂತ ಇಟ್ಟೆ. ಭಯ ಸೊನ್ನೆಯಿಂದ 0.3, ಆಮೇಲೆ 0.51, 0.66, 0.76 ಹೀಗೆ ಏರುತ್ತದೆ. ಶಾಕ್ ನಿಲ್ಲಿಸಿ ಬರೀ ಸದ್ದು ಕೊಟ್ಟರೆ ಇಳಿದು ಇಳಿದು ಸೊನ್ನೆಗೆ ಬರುತ್ತದೆ. ಗ್ರಾಫ್ ಚೆನ್ನಾಗಿಯೇ ಬಂದಿದೆ.

ಸಮಸ್ಯೆ ಮನೆಯಲ್ಲಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಅಜ್ಜಿ ಕೊಡಗಿನ ಮಕ್ಕಂದೂರು ಕಡೆ ಇದ್ದರು. ಆಮೇಲೆ ಮೈಸೂರಿನಲ್ಲಿ ಅತ್ತೆ ಮನೆಗೆ ಹೋದರು. ಅಲ್ಲಿ ಶುರುವಿನಲ್ಲಿ ಮಳೆ ಬಂದರೆ ನಿದ್ದೆ ಇಲ್ಲ. ಬರುಬರುತ್ತಾ ಸರಿಹೋಯಿತು. ಈಗ ಅಲ್ಲಿ ಎಷ್ಟೇ ಮಳೆ ಹೊಯ್ದರೂ ಧಾರಾವಾಹಿ ನೋಡುತ್ತಾ ಕೂರುತ್ತಾರೆ. ಆದರೆ ಊರಿಗೆ ಬಂದು ಶೀಟಿನ ಮೇಲೆ ಮಳೆ ಜೋರಾಯಿತೋ, ಆಧಾರ್ ಕಾರ್ಡು, ಮಾತ್ರೆ ಡಬ್ಬಿ, ಟಾರ್ಚು ಎಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಕೂತುಬಿಡುತ್ತಾರೆ.

ನನ್ನ ಮಾಡೆಲ್ ಪ್ರಕಾರ ಮೈಸೂರಿನಲ್ಲೇ ಭಯ ಸೊನ್ನೆ ಆಗಿರಬೇಕು. ಸೊನ್ನೆ ಆದದ್ದು ಮತ್ತೆ ಎಲ್ಲಿಂದ ಬರುತ್ತದೆ? ಕೋಡ್ ತಪ್ಪಾ, ಸೂತ್ರ ತಪ್ಪಾ?

ಕೈಲ್‌ಪೊಳ್ದ್

ಅಜ್ಜಿ ಸರಿ ಇದ್ದಾರೆ. ಅಷ್ಟು ಸಾಕು.

ನರಮಂಡಲ

ಕೋಡ್ ಸರಿ ಇದೆ. ಸೂತ್ರದ್ದೇ ಕೊರತೆ, ಇದು ಆ ಕ್ಷೇತ್ರದವರಿಗೆಲ್ಲ ಗೊತ್ತಿರುವ ಕೊರತೆ. ಪಾವ್ಲೋವ್ ಕಾಲದಲ್ಲೇ ಕಂಡಿತ್ತು. ಗಂಟೆ ಬಾರಿಸಿ ಊಟ ಕೊಟ್ಟು ಕಲಿಸಿದ ನಾಯಿಗೆ, ಊಟ ಇಲ್ಲದೆ ಬಾರಿಸಿ ಬಾರಿಸಿ ಗಂಟೆ ಮರೆಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾರಿಸಿದರೆ ಜೊಲ್ಲು ಮತ್ತೆ ಬರುತ್ತಿತ್ತು. ಮರೆತಿದ್ದರೆ ಬರಬಾರದು ಅಲ್ವಾ?

ಮಾರ್ಕ್ ಬೌಟನ್ ಅನ್ನುವವರು ಇದನ್ನು ಜಾಗದ ಜೊತೆ ಸೇರಿಸಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಒಂದು ಪೆಟ್ಟಿಗೆಯಲ್ಲಿ ಇಲಿಗೆ ಭಯ ಕಲಿಸುವುದು. ಇನ್ನೊಂದು ಪೆಟ್ಟಿಗೆಯಲ್ಲಿ, ಬೇರೆ ವಾಸನೆ ಬೇರೆ ನೆಲ, ಶಾಕ್ ಇಲ್ಲದೆ ಸದ್ದು ಕೇಳಿಸಿ ಭಯ ಇಳಿಸುವುದು. ಆಮೇಲೆ ಮೊದಲಿನ ಪೆಟ್ಟಿಗೆಗೆ ಹಾಕಿದರೆ ಭಯ ವಾಪಸ್. ನಿಮ್ಮ ಅಜ್ಜಿ ಮೈಸೂರಿಗೆ ಹೋಗಿ ಬಂದದ್ದೂ ಇದೇ.

ಅಂದರೆ ಹಳೇ ಕಲಿಕೆ ಅಳಿಸಿಹೋಗುವುದಿಲ್ಲ. 'ಇಲ್ಲಿ ಅಪಾಯ ಇಲ್ಲ' ಅನ್ನುವ ಎರಡನೇ ಕಲಿಕೆ ಅದರ ಮೇಲೆ ಕೂರುತ್ತದೆ. 2008ರಲ್ಲಿ ಸಿರಿಲ್ ಹೆರಿ ಮತ್ತು ಜೊತೆಗಾರರು ಚಿಕ್ಕ ಜಾತಿಯ ಇಲಿಗಳ ಅಮಿಗ್ಡಲಾದಲ್ಲಿ ಇದನ್ನು ನೇರವಾಗಿ ಕಂಡರು. ಭಯ ಇರುವಾಗ ಮಿಡಿಯುವ ಕೋಶಗಳು ಬೇರೆ, ಭಯ ಇಳಿದಾಗ ಮಿಡಿಯುವ ಕೋಶಗಳು ಬೇರೆ. ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ.

ಒಳ್ಳೆಮೆಣಸು

ಅಮಿಗ್ಡಲಾ ಅಂದರೆ ಏನು ಅಂತ ನಮ್ಮಂಥವರಿಗೂ ಒಂದು ಸಾಲಿನಲ್ಲಿ ಹೇಳಿ ಮಾರಾಯ್ರೇ.

ನರಮಂಡಲ

ಕಿವಿಯ ಮಟ್ಟದಲ್ಲಿ ಮೆದುಳಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಗಾತ್ರದ ಗಂಟು. ಅಪಾಯದ ಸೂಚನೆ ಮತ್ತು ಪೆಟ್ಟು ಎರಡೂ ಅಲ್ಲಿ ಬಂದು ಸೇರುತ್ತವೆ. ಅಲ್ಲಿಂದ ಎದೆಬಡಿತ, ಬೆವರು, ಮರಗಟ್ಟಿ ನಿಲ್ಲುವುದು ಇವಕ್ಕೆಲ್ಲ ಆಜ್ಞೆ ಹೋಗುತ್ತದೆ.

ಸಿದ್ದಾಪುರದವ

ಇಲಿಗೆ ಶಾಕ್ ಕೊಟ್ಟು ಇಷ್ಟೆಲ್ಲ ಕಲಿಯಬೇಕಾ? ನಮ್ಮ ತೋಟಕ್ಕೆ ಬನ್ನಿ, ಆನೆ ತೋರಿಸುತ್ತೇನೆ. ಮೊದಲು ಒಂದು ಪಟಾಕಿಗೆ ಕಾಡು ಸೇರುತ್ತಿದ್ದವು. ಈಗ ಪೆಟ್ಟಿಗೆಗಟ್ಟಲೆ ಹೊಡೆದರೂ ಹಲಸಿನ ಮರದ ಕೆಳಗೆ ಕಿವಿ ಬೀಸುತ್ತಾ ನಿಂತಿರುತ್ತವೆ. ಹಲಸು ಮುಗಿಯುವವರೆಗೆ ಅಲ್ಲಾಡುವುದಿಲ್ಲ. ಸದ್ದು ಬಂತು, ಏನೂ ಆಗಲಿಲ್ಲ, ಸದ್ದು ಬಂತು, ಏನೂ ಆಗಲಿಲ್ಲ. ಸೂತ್ರ ಆನೆಗೆ ಸರಿಯಾಗಿಯೇ ಕೂರುತ್ತದೆ. ಅಜ್ಜಿಗೆ ಮಾತ್ರ ಕೂರುವುದಿಲ್ಲ.

ಪೊನ್ನಂಪೇಟೆ_ಕಾಡು

@ಸಿದ್ದಾಪುರದವ ಪಟಾಕಿ ಕಥೆ ಬೇರೆ. ಆನೆಗೆ ಪಟಾಕಿಯಿಂದ ಪೆಟ್ಟು ಬಿದ್ದು ಕಲಿತ ಭಯ ಅಲ್ಲ ಅದು. ದೊಡ್ಡ ಸದ್ದಿಗೆ ಹುಟ್ಟಿನಿಂದ ಬರುವ ಬೆಚ್ಚುವಿಕೆ. ಪದೇಪದೇ ಕೇಳಿದರೆ ಒಗ್ಗಿಹೋಗುತ್ತದೆ. ಕಲಿತ ಭಯ ಇಳಿಯುವುದು ಮತ್ತು ಸದ್ದಿಗೆ ಒಗ್ಗುವುದು ಎರಡನ್ನೂ ಒಂದೇ ಸೂತ್ರದಲ್ಲಿ ಹಾಕಬೇಡಿ.

ನಿಜವಾಗಿ ಪೆಟ್ಟು ಕೊಡುವುದು ಜೇನು. ಸೊಂಡಿಲ ಒಳಗೆ, ಕಣ್ಣಿನ ಸುತ್ತ ಕಚ್ಚುತ್ತದೆ. ಲೂಸಿ ಕಿಂಗ್ ಕೀನ್ಯಾದಲ್ಲಿ ಬರೀ ಜೇನಿನ ಗುಂಯ್ ಸದ್ದನ್ನು ಸ್ಪೀಕರಿನಲ್ಲಿ ಹಾಕಿದರು. ಆನೆಗಳು ಜಾಗ ಬಿಟ್ಟು ಓಡಿದವು. ಇದನ್ನೇ ನೋಡಿ 2021ರಲ್ಲಿ ಖಾದಿ ಆಯೋಗದವರು ನಮ್ಮ ಚೇಲೂರಿನಲ್ಲಿ ಜೇನುಪೆಟ್ಟಿಗೆ ಬೇಲಿ ಶುರುಮಾಡಿದ್ದು.

ಸಿದ್ದಾಪುರದವ

ಕೀನ್ಯಾದಲ್ಲಿ ಜೂನ್ ತಿಂಗಳ ನಮ್ಮ ಮಳೆ ಇದೆಯಾ? ಮಳೆಯಲ್ಲಿ ಪೆಟ್ಟಿಗೆಯ ಜೇನು ಹೊರಗೇ ಬರುವುದಿಲ್ಲ. ಆನೆ ಬರುವುದು ಅದೇ ಹಲಸಿನ ಕಾಲದಲ್ಲಿ.

ಪೊನ್ನಂಪೇಟೆ_ಕಾಡು

ಅದು ಒಪ್ಪುವ ಮಾತು. ಆದರೆ ಪಟಾಕಿಗಿಂತ ವಾಸಿ. ಜೇನುತುಪ್ಪವಾದರೂ ಸಿಗುತ್ತದೆ.

ಕೈಲ್‌ಪೊಳ್ದ್

ತುಪ್ಪ ತಿನ್ನಲು ಕರಡಿ ಬಂದರೆ ಅದಕ್ಕೆ ಯಾವ ಸೂತ್ರ?

ಗೋಣಿಕೊಪ್ಪ_ಮೇಷ್ಟ್ರು

ಸೂತ್ರವನ್ನು ಅಷ್ಟು ಬೇಗ ಬಿಸಾಡಬೇಡಿ. ಅದು ಹುಟ್ಟಿದ್ದೇ ಒಂದು ಚೆಂದದ ಒಗಟಿನಿಂದ. 1960ರ ದಶಕದ ಕೊನೆಗೆ ಲಿಯಾನ್ ಕಾಮಿನ್ ಇಲಿಗೆ ಮೊದಲು ಸದ್ದಿನ ಜೊತೆ ಶಾಕ್ ಕಲಿಸಿದರು. ಆಮೇಲೆ ಸದ್ದು ಮತ್ತು ಬೆಳಕು ಎರಡನ್ನೂ ಒಟ್ಟಿಗೆ ಕೊಟ್ಟು ಶಾಕ್. ಕೊನೆಗೆ ಬರೀ ಬೆಳಕು ತೋರಿಸಿದರೆ ಇಲಿಗೆ ಭಯವೇ ಇಲ್ಲ. ಬೆಳಕೂ ಅಷ್ಟೇ ಸಲ ಶಾಕಿನ ಜೊತೆ ಬಂದಿತ್ತಲ್ಲ, ಯಾಕೆ ಕಲಿಯಲಿಲ್ಲ? ಸದ್ದಿನಿಂದಲೇ ಶಾಕ್ ಬರುವುದು ಗೊತ್ತಾಗಿತ್ತು, ಆಶ್ಚರ್ಯ ಉಳಿದಿರಲಿಲ್ಲ. ಆಶ್ಚರ್ಯ ಇಲ್ಲದ ಕಡೆ ಕಲಿಕೆ ಇಲ್ಲ. ರೆಸ್ಕೋರ್ಲಾ, ವ್ಯಾಗ್ನರ್ ಇದನ್ನೇ ಗಣಿತಕ್ಕೆ ಇಳಿಸಿದ್ದು.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ತೋಟದ ಕೆಲಸದವರಿಗೆ ಬಿದಿರು ಪಟ್ ಅಂತ ಮುರಿದ ಸದ್ದು ಕೇಳಿದರೆ ಸಾಕು, ಮೈ ಜುಮ್ ಅನ್ನುತ್ತದೆ. ಆನೆ ಬಂದಿದೆ ಅಂತ ವಾಟ್ಸಾಪ್ ಮೆಸೇಜು ಎಷ್ಟು ಬಂದರೂ ಅದಕ್ಕೆ ಮೈ ಏನೂ ಅನ್ನುವುದಿಲ್ಲ. ಬಿದಿರಿನ ಸದ್ದು ಜಾಗ ಹಿಡಿದುಬಿಟ್ಟಿದೆ.

ಒಳ್ಳೆಮೆಣಸು

ಮೇಷ್ಟ್ರೇ, ಮೆಸೇಜು ಬರುವುದೇ ಆನೆ ಹೋದ ಮೇಲೆ. ನೆಟ್‌ವರ್ಕ್ ಇದ್ದರೆ ತಾನೇ?

ಹಟ್ಟಿಹೊಳೆ

2018ರ ನಂತರ ಹುಟ್ಟಿದ ಮಗಳಿದ್ದಾಳೆ ನನಗೆ. ಗುಡ್ಡ ಜರಿದದ್ದು ಅವಳು ನೋಡಿಲ್ಲ. ಆದರೂ ರಾತ್ರಿ ಮಳೆ ಜೋರಾದರೆ ಎದ್ದು ನನ್ನ ಮುಖ ನೋಡುತ್ತಾಳೆ. ಅವಳಿಗೆ ಶಾಕ್ ಎಲ್ಲಿ ಸಿಕ್ಕಿತು? ನಿಮ್ಮ ಸೂತ್ರದಲ್ಲಿ ಪೆಟ್ಟು ಬೀಳದೆ ಭಯ ಇಲ್ಲ ಅಲ್ವಾ?

ನರಮಂಡಲ

ನಿಮ್ಮ ಮುಖ ನೋಡಿಯೇ ಕಲಿತಿದ್ದಾಳೆ ಅನಿಸುತ್ತದೆ. ಸೂಸನ್ ಮಿನೆಕಾ ಮತ್ತು ಜೊತೆಯವರು ಪ್ರಯೋಗಶಾಲೆಯಲ್ಲೇ ಬೆಳೆದ ರೀಸಸ್ ಕೋತಿಗಳ ಮೇಲೆ ಇದನ್ನು ಮಾಡಿದ್ದಾರೆ. ಅವು ಹಾವು ಕಂಡರೆ ಹೆದರುತ್ತಿರಲಿಲ್ಲ. ಬೇರೆ ಕೋತಿ ಹಾವಿಗೆ ಹೆದರುವ ವಿಡಿಯೋ ತೋರಿಸಿದರು, ಹೆದರಲು ಕಲಿತವು. ಅದೇ ವಿಡಿಯೋ ಕತ್ತರಿಸಿ ಜೋಡಿಸಿ, ಕೋತಿ ಹೂವಿಗೆ ಹೆದರಿದ ಹಾಗೆ ತೋರಿಸಿದರು. ಹೂವಿಗೆ ಹೆದರಲು ಕಲಿಯಲಿಲ್ಲ.

ಹಾಗಾಗಿ ಮಾಡೆಲ್ ಮಾಡುವವರು ಎಲ್ಲ ಸೂಚನೆಗೂ ಒಂದೇ 0.3 ಇಡುವುದು ಸರಿಯಲ್ಲ. ಕೆಲವು ವಸ್ತುಗಳಿಗೆ ಭಯ ಬೇಗ ಅಂಟುತ್ತದೆ, ಕೆಲವಕ್ಕೆ ಅಂಟುವುದೇ ಇಲ್ಲ. ಇನ್ನೊಬ್ಬರ ಹೆದರಿದ ಮುಖವೂ ಶಾಕಿನ ಜಾಗದಲ್ಲಿ ಕೂರಬಹುದು.

ಹಟ್ಟಿಹೊಳೆ

ಹಾಗಾದರೆ ನಾನು ಮುಖ ಗಟ್ಟಿ ಮಾಡಿಕೊಳ್ಳಬೇಕು. ಹೇಳುವುದು ಸುಲಭ. 2022ರ ಜೂನಿನಲ್ಲಿ ಚೆಂಬು ಕಡೆ ಭೂಮಿ ನಡುಗಿದ ಸುದ್ದಿ ಬಂದಾಗ ಪಾತ್ರೆ ಸದ್ದಾದರೂ ಓಡುತ್ತಿದ್ದೆವು.

ಕೋಡ್_ಕಾಫಿ

ಮುಖದ ವಿಷಯ ಬಂದದ್ದಕ್ಕೆ ಕೇಳುತ್ತೇನೆ. ಫೋಟೋ ನೋಡಿ ಭಯ ಗುರುತಿಸುವ ಪ್ರೋಗ್ರಾಂಗಳು ಈಗ ಬೇಕಾದಷ್ಟು ಇವೆ. ಅದೂ ಇದೇ ಕ್ಷೇತ್ರವಾ?

ನರಮಂಡಲ

ಅಲ್ಲಿ ಮಾಡುವುದು ಚಿತ್ರಕ್ಕೆ ಹೆಸರು ಅಂಟಿಸುವ ಕೆಲಸ. ಮೆದುಳು ಹೇಗೆ ಮಾಡುತ್ತದೆ ಅನ್ನುವುದು ಬೇರೆ. ಅಮೆರಿಕದಲ್ಲಿ ಎಸ್‌ಎಂ ಅಂತ ಎರಡಕ್ಷರದಲ್ಲಿ ಕರೆಯುವ ಒಬ್ಬ ಮಹಿಳೆ ಇದ್ದಾರೆ. ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾಗಿದೆ. 1994ರಲ್ಲಿ ರಾಲ್ಫ್ ಅಡಾಲ್ಫ್ಸ್ ಮತ್ತು ತಂಡ ಪರೀಕ್ಷೆ ಮಾಡಿದಾಗ ನಗು ಗೊತ್ತಾಗುತ್ತಿತ್ತು, ಹೆದರಿದ ಮುಖ ಮಾತ್ರ ಗೊತ್ತಾಗುತ್ತಿರಲಿಲ್ಲ. 2005ರಲ್ಲಿ ಅದೇ ತಂಡಕ್ಕೆ ಕಾರಣ ಸಿಕ್ಕಿತು. ಆಕೆ ಎದುರಿನವರ ಕಣ್ಣಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ನೋಡಿ ಅಂತ ಹೇಳಿದರೆ ಸರಿಯಾಗಿ ಗುರುತಿಸುತ್ತಿದ್ದರು! ಹೇಳುವುದು ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆ.

ಅಂದರೆ ಅಮಿಗ್ಡಲಾ ಭಯದ ಚಿತ್ರಗಳ ಆಲ್ಬಂ ಅಲ್ಲ. ಎಲ್ಲಿ ನೋಡಬೇಕು ಅಂತ ಕಣ್ಣನ್ನು ತಿರುಗಿಸುವ ಕೆಲಸವೂ ಅದರದ್ದು. ಫೋಟೋ ಪ್ರೋಗ್ರಾಂ ಬರೆಯುವವರು ಇದನ್ನು ಬಿಟ್ಟೇಬಿಡುತ್ತಾರೆ. ಅವರ ಮುಂದೆ ಇಡೀ ಮುಖ ಒಂದೇ ಸಲ ಇರುತ್ತದೆ.

ಕಕ್ಕಬೆ_ಕಿತ್ತಳೆ

ಎಲ್ಲ ಸರಿ. ಕಂಪ್ಯೂಟರಿಗೆ ಭಯ ಆಗುತ್ತದಾ? 0.76 ಅಂತ ಒಂದು ಅಂಕಿ ಇಟ್ಟು ಅದಕ್ಕೆ ಭಯ ಅಂತ ಹೆಸರಿಟ್ಟರೆ ಆಯಿತಾ? ರಾತ್ರಿ ತೋಟದ ಕೆಲಸದವರ ಲೈನ್‌ಮನೆಯ ಹೊರಗೆ ಆನೆ ಉಸಿರು ಬಿಟ್ಟದ್ದು ಕೇಳಿದವರನ್ನು ಕೇಳಿ ನೋಡಿ, ಭಯ ಅಂದರೆ ಏನು ಅಂತ.

ಸುಂಟಿಕೊಪ್ಪ_ಪೈಥಾನ್

ನಾನು ಹಾಗೆ ಹೇಳಿಲ್ಲವಲ್ಲ. ಹವಾಮಾನದ ಮಾಡೆಲ್ ಓಡಿಸಿದರೆ ಲ್ಯಾಪ್‌ಟಾಪ್ ಒದ್ದೆ ಆಗುವುದಿಲ್ಲ.

ನರಮಂಡಲ

ಕಕ್ಕಬೆಯವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಇಲಿಯ ಅಮಿಗ್ಡಲಾದ ದಾರಿಗಳನ್ನೆಲ್ಲ ಹುಡುಕಿದ ಜೋಸೆಫ್ ಲೆಡೂ ಅವರೇ 2014ರ ಹೊತ್ತಿಗೆ ಇದನ್ನು ಎತ್ತಿದರು. ಅಮಿಗ್ಡಲಾ ಅಪಾಯಕ್ಕೆ ಮೈಯನ್ನು ಸಿದ್ಧ ಮಾಡುತ್ತದೆ, 'ನನಗೆ ಭಯವಾಗುತ್ತಿದೆ' ಅನ್ನುವ ಅನುಭವ ಬೇರೆ, ಎರಡನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಂಡಿದ್ದೇವೆ ಅನ್ನುವುದು ಅವರ ವಾದ. ಎಲ್ಲರೂ ಒಪ್ಪಿಲ್ಲ.

ಎಸ್‌ಎಂ ಕಥೆಗೂ ಒಂದು ತಿರುವು ಇದೆ. ಹಾವು, ಜೇಡ ಯಾವುದಕ್ಕೂ ಹೆದರದ ಆಕೆಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿ ಒಂದು ಉಸಿರು ಎಳೆಸಿದರು. ಆಕೆ ಗಾಬರಿಯಿಂದ ಉಸಿರಿನ ಮುಖವಾಡ ಕಿತ್ತುಹಾಕಲು ನೋಡಿದರು. ಇದು 2013ರ ವರದಿ. ಅಮಿಗ್ಡಲಾ ಇಲ್ಲದೆಯೂ ಒಳಗಿನಿಂದ ಬರುವ ಭಯ ಇದೆ ಅಂತಾಯಿತು.

ಕಕ್ಕಬೆ_ಕಿತ್ತಳೆ

ಹಾಗಾದರೆ ಇಲ್ಲಿಯವರೆಗೆ ಮಾಡಿದ ಮಾಡೆಲ್‌ಗಳೆಲ್ಲ ಅರ್ಧ ಭಯದ ಮಾಡೆಲ್.

ಗೋಣಿಕೊಪ್ಪ_ಮೇಷ್ಟ್ರು

ಅರ್ಧವಾದರೂ ಸಿಕ್ಕಿತಲ್ಲ. ಮಾಡೆಲ್ ಅಂದರೆ ಬರೀ ಗ್ರಾಫ್ ಅಲ್ಲ ಅನ್ನುವುದಕ್ಕೆ ಇದನ್ನು ಓದಿ. 1995ರಲ್ಲಿ ಆರ್ಮನಿ, ಲೆಡೂ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಒಂದು ನರಜಾಲ ಕಟ್ಟಿದರು. ಸದ್ದು ಮೊದಲು ಮೆದುಳಿನ ನಡುವಿನ ಥಲಾಮಸ್‌ಗೆ. ಅಲ್ಲಿಂದ ಅಮಿಗ್ಡಲಾಕ್ಕೆ ಎರಡು ದಾರಿ. ಒಂದು ನೇರ, ಇನ್ನೊಂದು ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಮೂಲಕ ಸುತ್ತಿ ಬರುವುದು. ಪ್ರತಿ ಹಂತದಲ್ಲಿ ಕೋಶಗಳು ಒಂದಕ್ಕೊಂದು ಪೈಪೋಟಿ ಮಾಡುತ್ತವೆ, ಗೆದ್ದದ್ದರ ಕೊಂಡಿ ಬಲವಾಗುತ್ತದೆ.

ಒಂದು ಸ್ವರಕ್ಕೆ ಶಾಕ್ ಜೋಡಿಸಿದಾಗ, ಮೊದಲು ಬೇರೆ ಸ್ವರಕ್ಕೆ ಹೆಚ್ಚು ಮಿಡಿಯುತ್ತಿದ್ದ ಕೆಲವು ಕೋಶಗಳು ಈ ಸ್ವರದ ಕಡೆ ಸರಿದವು. ನಿಜವಾದ ಪ್ರಾಣಿಗಳ ಕೋಶಗಳಲ್ಲಿ ಅಳೆದು ನೋಡಿದ್ದೂ ಇದೇ. ಆಮೇಲೆ ಮಾಡೆಲ್‌ನಲ್ಲಿ ಕಾರ್ಟೆಕ್ಸ್ ದಾರಿ ಕತ್ತರಿಸಿದರು. ಅಕ್ಕಪಕ್ಕದ ಸ್ವರಗಳಿಗೆ ಭಯ ಎಷ್ಟು ಹರಡುತ್ತದೆ ಅನ್ನುವುದು ಬದಲಾಗಲಿಲ್ಲ. ಸೂಕ್ಷ್ಮವಾಗಿ ಬೇರ್ಪಡಿಸುವುದು ಕಾರ್ಟೆಕ್ಸ್ ಕೆಲಸ, ಅದಿಲ್ಲದಿದ್ದರೆ ಎಲ್ಲ ಸ್ವರಕ್ಕೂ ಹೆದರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅವರು ಇಲಿಯಲ್ಲೂ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದರು. ಇಲಿ ಮಾಡೆಲ್ ಹೇಳಿದ ಹಾಗೆಯೇ ನಡೆದುಕೊಂಡಿತ್ತು. ಮಾಡೆಲ್ ಮೊದಲು ಹೇಳಿ, ಪ್ರಾಣಿ ಆಮೇಲೆ ಒಪ್ಪಿದ್ದು. ಇದು ದೊಡ್ಡ ವಿಷಯ.

ಕೈಲ್‌ಪೊಳ್ದ್

ಇಲಿಗೆ ಒಪ್ಪದೆ ಇರಲು ದಾರಿ ಇತ್ತಾ ಪಾಪ.

ಕೋಡ್_ಕಾಫಿ

@ಸುಂಟಿಕೊಪ್ಪ_ಪೈಥಾನ್ ನಿಮ್ಮ ಸೂತ್ರ ಬಿಡದೆಯೇ ಒಂದು ದಾರಿ ಇದೆ. ಜಾಗವನ್ನೂ ಒಂದು ಸೂಚನೆ ಅಂತ ಸೇರಿಸಿ. ಈಗ ನಿಮ್ಮ ಕೋಡ್‌ನಲ್ಲಿ ಮಳೆ ಮಾತ್ರ ಇದೆ. ಮಳೆ, ಊರಮನೆ, ಮೈಸೂರುಮನೆ ಅಂತ ಮೂರು ಅಂಕಿ ಇಡಿ. ಮೂರಕ್ಕೂ ಕಲಿಕೆಯ ಪಾಲು ಒಂದೇ.

ಊರಮನೆಯಲ್ಲಿ ಮಳೆ ಮತ್ತು ಅಪಾಯ ಒಟ್ಟಿಗೆ ಬಂದವು. ಒಟ್ಟು ಭಯ 1ಕ್ಕೆ ಏರುತ್ತದೆ. ಆದರೆ ಹಂಚಿಕೆ ಆಗುತ್ತದೆ, ಮಳೆಗೆ 0.5, ಊರಮನೆಗೆ 0.5. ಈಗ ಮೈಸೂರು. ಮಳೆ 0.5, ಮೈಸೂರುಮನೆ 0. ಅಪಾಯ ಇಲ್ಲ, ಒಟ್ಟು ಇಳಿಯಬೇಕು. ಎರಡೂ ಸಮನಾಗಿ ಇಳಿಯುತ್ತವೆ. ಮಳೆ 0.25ಕ್ಕೆ ಬಂದಾಗ ಮೈಸೂರುಮನೆ ಮೈನಸ್ 0.25ಕ್ಕೆ ಹೋಗಿರುತ್ತದೆ. ಒಟ್ಟು ಸೊನ್ನೆ. ಧಾರಾವಾಹಿ ನೋಡಬಹುದು. ಊರಿಗೆ ವಾಪಸ್ ಬಂದರೆ ಮಳೆ 0.25, ಊರಮನೆ 0.5 ಹಾಗೇ ಇದೆ. ಒಟ್ಟು 0.75.

ಸುಂಟಿಕೊಪ್ಪ_ಪೈಥಾನ್

ಈಗಲೇ ಓಡಿಸಿ ನೋಡಿದೆ. ಸರಿಯಾಗಿ 0.75 ಬಂತು! ಬರೀ ಊರಮನೆ ಅಂತ ಕೊಟ್ಟರೂ 0.5 ತೋರಿಸುತ್ತಿದೆ, ಅಂದರೆ ಬಿಸಿಲಿರುವಾಗಲೂ ಅಜ್ಜಿಗೆ ಊರಲ್ಲಿ ಅರ್ಧ ಭಯ. ಹಾಗೇನೂ ಇಲ್ಲ. ಬಿಸಿಲಲ್ಲಿ ಕಾಳುಮೆಣಸು ಹರಡುತ್ತಾ ಆರಾಮಾಗಿ ಇರುತ್ತಾರೆ.

ಕೋಡ್_ಕಾಫಿ

ಊರಮನೆಯಲ್ಲಿ ಮಳೆ ಇಲ್ಲದ, ಏನೂ ಆಗದ ದಿನಗಳನ್ನೂ ಸೇರಿಸಿ ಓಡಿಸಿ. ಊರಮನೆ ಅಂಕಿ ಇಳಿಯುತ್ತದೆ.

ನರಮಂಡಲ

ಇಳಿಸಿದರೆ 0.75ರಲ್ಲೂ ಅಷ್ಟೇ ಇಳಿಯುತ್ತದೆ, ಅದನ್ನು ಮರೆಯಬೇಡಿ. ಇನ್ನೊಂದು ತಕರಾರು. ಮೈಸೂರುಮನೆಗೆ ಮೈನಸ್ ಅಂಕಿ ಬಂದಿದ್ದರೆ, ಆ ಮನೆ ಬೇರೆ ಭಯವನ್ನೂ ಇಳಿಸಬೇಕು. ನಾಯಿಗೆ ಹೆದರುವವರು ಆ ಮನೆಗೆ ಹೋದರೆ ನಾಯಿಯ ಭಯವೂ ಕಡಿಮೆ ಆಗಬೇಕು. ಬೌಟನ್ ಇಂಥ ಪರೀಕ್ಷೆಗಳನ್ನೇ ಇಲಿಗಳ ಮೇಲೆ ಮಾಡಿದರು. ಭಯ ಇಳಿಸಿದ ಪೆಟ್ಟಿಗೆಗೆ ಆ ಶಕ್ತಿ ಕಾಣಲಿಲ್ಲ. ಜಾಗ ನೇರವಾಗಿ ಭಯ ಕಳೆಯುವುದಿಲ್ಲ, ಸದ್ದಿನ ಎರಡು ಅರ್ಥಗಳಲ್ಲಿ ಯಾವುದು ಇಲ್ಲಿ ಅನ್ವಯ ಅಂತ ಆರಿಸುತ್ತದೆ ಅನ್ನುವುದು ಅವರ ತೀರ್ಮಾನ.

ಆ ದಾರಿಯಲ್ಲಿ ಹೋದವರು ಗರ್ಶ್ಮನ್, ಬ್ಲೈ, ನಿವ್. 2010ರ ಮಾಡೆಲ್. ಅದರಲ್ಲಿ ಪ್ರಾಣಿ ಅಂಕಿ ತಿದ್ದುತ್ತಾ ಕೂರುವುದಿಲ್ಲ. 'ಇದು ಹಳೇ ಪರಿಸ್ಥಿತಿಯಾ, ಹೊಸದಾ' ಅಂತ ಊಹೆ ಮಾಡುತ್ತದೆ. ಶಾಕ್ ಇದ್ದಕ್ಕಿದ್ದ ಹಾಗೆ ಪೂರ್ತಿ ನಿಂತುಬಿಟ್ಟರೆ ಹೊಸ ಪರಿಸ್ಥಿತಿ ಅಂತ ಬೇರೆ ಖಾತೆ ತೆರೆಯುತ್ತದೆ. ಹಳೇ ಖಾತೆಯಲ್ಲಿ ಭಯ ಹಾಗೇ ಉಳಿಯುತ್ತದೆ.

ಸಿದ್ದಾಪುರದವ

ಹಾಗಾದರೆ ಪೂರ್ತಿ ನಿಲ್ಲಿಸದೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ?

ನರಮಂಡಲ

ಸರಿಯಾದ ಪ್ರಶ್ನೆ. ಅದನ್ನೇ 2013ರಲ್ಲಿ ಗರ್ಶ್ಮನ್, ಮೋನ್‌ಫಿಲ್ಸ್, ನಿವ್ ಮತ್ತಿತರರು ಮಾಡಿದರು. ಮರೆಸುವ ಹಂತದಲ್ಲೂ ಆಗಾಗ ಶಾಕ್ ಕೊಟ್ಟು, ಅದನ್ನು ವಿರಳ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸಿದರು. ಆ ಇಲಿಗಳಲ್ಲಿ ಭಯ ವಾಪಸ್ ಬಂದದ್ದು ಕಡಿಮೆ. ಒಂದೇ ಖಾತೆಯಲ್ಲಿ ತಿದ್ದುಪಡಿ ಆಯಿತು.

ಅಬ್ಬಿ_ಮಡಿಕೇರಿ

ಇದನ್ನು ಓದಿ ಮನೆಯವರ ಮೇಲೆ ಪ್ರಯೋಗ ಮಾಡಲು ಹೋಗಬೇಡಿ ದಯವಿಟ್ಟು. ನಾನು ಕೌನ್ಸೆಲಿಂಗ್ ಕೆಲಸದಲ್ಲಿದ್ದೇನೆ. 'ಬಾ ಮಳೆಯಲ್ಲಿ ಕೂರಿಸುತ್ತೇನೆ, ಸರಿಹೋಗುತ್ತದೆ' ಅಂತ ಬಲವಂತ ಮಾಡಿ ಕೆಡಿಸಿದವರನ್ನು ನೋಡಿದ್ದೇನೆ. ಇಲಿಗೆ ಮನೆ ಹೋಗಿಲ್ಲ, ನೆಂಟರು ಹೋಗಿಲ್ಲ. ಪರಿಹಾರದ ಅರ್ಜಿ ಹಿಡಿದು ಕಚೇರಿ ಸುತ್ತಿಲ್ಲ. ನಿದ್ದೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು ಮಾತು. ಚೀಲ ಕಟ್ಟಿ ಬಾಗಿಲ ಹತ್ತಿರ ಕೂರುವುದು ಕಾಯಿಲೆ ಅಂತ ಯಾರು ಹೇಳಿದ್ದು? ಗುಡ್ಡದ ಬುಡದಲ್ಲಿ ಮನೆ ಇದ್ದರೆ ಆಗಸ್ಟ್ ಮಳೆಗೆ ಅದೇ ಸರಿಯಾದ ಕೆಲಸ.

ಹಟ್ಟಿಹೊಳೆ

👏 ಇದನ್ನು ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ.

ಗೋಣಿಕೊಪ್ಪ_ಮೇಷ್ಟ್ರು

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಮಾಡಿದ ಕೆಲಸವೂ ಇಲ್ಲಿಗೆ ಸೇರಬೇಕು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದ ಹಾಗೆ ಇಟ್ಟರು. ಹಿಪ್ಪೋಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಕುಗ್ಗಿದವು, ಅಮಿಗ್ಡಲಾದಲ್ಲಿ ಬೆಳೆದವು. ಇದು 2002ರಲ್ಲಿ. 2004ರಲ್ಲಿ ಇನ್ನೊಂದು ವರದಿ. ಒತ್ತಡ ನಿಲ್ಲಿಸಿ 21 ದಿನ ಬಿಟ್ಟು ನೋಡಿದರೂ ಅಮಿಗ್ಡಲಾದ ಬೆಳವಣಿಗೆ ಹಿಂದಕ್ಕೆ ಹೋಗಿರಲಿಲ್ಲ. ಜಾಗ ನೆನಪಿಡುವುದು ಹಿಪ್ಪೋಕ್ಯಾಂಪಸ್. ಅದು ಸೊರಗಿದರೆ 'ಇದು ಮೈಸೂರು, ಇಲ್ಲಿ ಗುಡ್ಡ ಇಲ್ಲ' ಅಂತ ಹೇಳುವವರು ಯಾರು?

ಅಬ್ಬಿ_ಮಡಿಕೇರಿ

ಕೊನೇ ವಾಕ್ಯ ನಿಮ್ಮ ಊಹೆ ಮೇಷ್ಟ್ರೇ. ಈ ಅಜ್ಜಿಗೆ ಮೈಸೂರು ಮೈಸೂರು ಅಂತ ಚೆನ್ನಾಗಿಯೇ ಗೊತ್ತಿದೆ.

ಗೋಣಿಕೊಪ್ಪ_ಮೇಷ್ಟ್ರು

ಈ ಅಜ್ಜಿಯ ಬಗ್ಗೆ ಹೇಳಲಿಲ್ಲ. ಎಲ್ಲ ಊರಲ್ಲೂ ಎಲ್ಲ ಮಳೆಗೂ ಹೆದರುವವರೂ ಇದ್ದಾರಲ್ಲ, ಅವರ ಬಗ್ಗೆ.

ಒಳ್ಳೆಮೆಣಸು

ನನ್ನ ಅಮಿಗ್ಡಲಾ ರೋಬಸ್ಟಾ ರೇಟು ನೋಡಿ ಬೆಳೆದಿದೆ.

ಕೋಡ್_ಕಾಫಿ

@ಸುಂಟಿಕೊಪ್ಪ_ಪೈಥಾನ್ ಪ್ರಾಜೆಕ್ಟ್‌ಗೆ ಖಾತೆ ತೆರೆಯುವ ಮಾಡೆಲ್‌ಗೆ ಕೈ ಹಾಕಬೇಡಿ, ಸಮಯ ಸಾಲುವುದಿಲ್ಲ. ಮೂರು ಸೂಚನೆಯದ್ದನ್ನು ತೋರಿಸಿ, ಅದು ಎಲ್ಲಿ ಸೋಲುತ್ತದೆ ಅಂತ ನೀವೇ ಎರಡು ಗ್ರಾಫ್‌ನಲ್ಲಿ ತೋರಿಸಿ. ಒಂದು ನಾಯಿಯ ತಕರಾರು. ಇನ್ನೊಂದು ಸಮಯದ್ದು, ಅಂದರೆ ಜಾಗ ಬದಲಾಗದೆ ಬರೀ ದಿನ ಕಳೆದರೂ ಭಯ ಮರಳುವುದು. ನಿಮ್ಮ ಕೋಡ್‌ನಲ್ಲಿ ದಿನ ಕಳೆಯುವುದೇ ಇಲ್ಲ.

ಸುಂಟಿಕೊಪ್ಪ_ಪೈಥಾನ್

ಹಾಗೇ ಮಾಡುತ್ತೇನೆ. ಅಜ್ಜಿ ಹೆಸರು, ಊರು ಹಾಕದೆ ಬರೆಯುತ್ತೇನೆ. ಗೈಡ್ ಕೇಳಿದರೆ ಇಲಿ ಅಂತ ಹೇಳುತ್ತೇನೆ.

ಕೈಲ್‌ಪೊಳ್ದ್

ಅಜ್ಜಿಗೆ ಗೊತ್ತಾದರೆ ನಿನಗೆ ಶಾಕ್.

ಸಿದ್ದಾಪುರದವ

ನನ್ನದು ಹಾಗೇ ಉಳಿಯಿತು. ಆನೆಗೆ ಪಟಾಕಿ ಹೊಡೆಯುವುದೋ ಬೇಡವೋ?

ಪೊನ್ನಂಪೇಟೆ_ಕಾಡು

ಬೇಡ. ಕೆರಳಿ ಮೇಲೆ ಬರುತ್ತವೆ, ಲೈನ್‌ಮನೆ ಕಡೆ ನುಗ್ಗುತ್ತವೆ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಹಲಸು ಹಣ್ಣಾಗುವ ಮೊದಲೇ ಕಾಯಿ ಇಳಿಸಿ.

ಸಿದ್ದಾಪುರದವ

ಇಳಿಸಲು ಆಳು ಎಲ್ಲಿದ್ದಾರೆ? ಇದ್ದವರಿಗೂ ಆ ಮರದ ಹತ್ತಿರ ಹೋಗಲು ಭಯ.